ಅಂಚೆಚೀಟಿಯ ಮೇಲಿನ ಹಸಿವು

ಪ್ರಶ್ನೆ: ತೀರಿಕೊಂಡ ನನ್ನ ತಾತನ ಸ್ಟಾಂಪ್ ಆಲ್ಬಮ್ಮಿನಲ್ಲಿ 1963ರ ಕೆಲವು ಚೀಟಿಗಳಿವೆ. ದೇಶ ಬೇರೆ ಬೇರೆಯಾದರೂ ಎಲ್ಲದರ ಮೇಲೂ ‘ಫ್ರೀಡಂ ಫ್ರಮ್ ಹಂಗರ್’ ಎಂಬ ಒಂದೇ ಮಾತು. ಏನಿದು? ಆಗ ಎತ್ತಿದ ಚಂದಾದಿಂದ ಯಾರ ಹೊಟ್ಟೆಯಾದರೂ ತುಂಬಿತೇ? ಈ ಚೀಟಿಗಳಿಗೆ ಈಗ ಬೆಲೆ ಬರುತ್ತದೆಯೇ?

ಉತ್ತರ: ಬೆಲೆಯ ಮಾತು ಕೊನೆಗಿರಲಿ.

ಆ ಚೀಟಿಗಳ ಹಿಂದೆ ಇರುವವರು ಒಬ್ಬ ಬಂಗಾಳಿ, ಬಿನಯ್ ರಂಜನ್ ಸೇನ್. ಐಸಿಎಸ್ ಅಧಿಕಾರಿ. 1942-43ರಲ್ಲಿ ಬಂಗಾಳದ ಪರಿಹಾರ ಕಾರ್ಯದ ಹೊಣೆ ಅವರ ತಲೆಯ ಮೇಲಿತ್ತು. ಇಪ್ಪತ್ತು ಮೂವತ್ತು ಲಕ್ಷ ಜನರನ್ನು ನುಂಗಿದ ಬಂಗಾಳದ ಬರವನ್ನು ಕಚೇರಿಯ ಕಿಟಕಿಯಾಚೆಗೇ ಕಂಡವರು. 1956ರಲ್ಲಿ ಅವರು ರೋಮಿನಲ್ಲಿರುವ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಹಾನಿರ್ದೇಶಕರಾದರು. ಆಗ ಅದು ಅಂಕಿಅಂಶ ಕಲೆಹಾಕುವ, ವರದಿ ಬರೆಯುವ, ತಜ್ಞರನ್ನು ಕಳಿಸುವ ಸಂಸ್ಥೆಯಾಗಿತ್ತು. ಹಸಿವಿನ ಸುದ್ದಿ ವರದಿಯಲ್ಲೇ ಉಳಿದರೆ ಉಪಯೋಗವಿಲ್ಲ, ಅದು ಬೀದಿಗೆ ಬರಬೇಕು ಎನ್ನುವುದು ಸೇನರ ಹಟ. 1960ರ ಜುಲೈ 1ರಂದು ‘ಹಸಿವಿನಿಂದ ಬಿಡುಗಡೆ’ ಆಂದೋಲನ ಶುರುವಾಯಿತು.

ಒಂದು ತೊಡಕಿತ್ತು. ಸರ್ಕಾರಗಳ ವಂತಿಗೆಯಿಂದ ನಡೆಯುವ ಸಂಸ್ಥೆ ಮನೆಮನೆಗೆ ಡಬ್ಬಿ ಹಿಡಿದು ಹೋಗುವಂತಿಲ್ಲ. ಹಾಗಾಗಿ ದೇಶದೇಶಗಳಲ್ಲಿ ಸಮಿತಿಗಳು ಹುಟ್ಟಿದವು, ಅವುಗಳ ಕೆಳಗೆ ಊರೂರಿನ ಸಮಿತಿಗಳು. ಶಾಲೆ, ಚರ್ಚು, ಮಹಿಳಾ ಮಂಡಲಿ, ಕಾರ್ಮಿಕ ಸಂಘ ಎಲ್ಲವೂ ಸೇರಿಕೊಂಡವು. ಹಣ ಕೊಡುವವರಿಗೆ ‘ಜಗತ್ತಿನ ಹಸಿವು’ ಎಂದರೆ ಕೈ ಜೇಬಿಗೆ ಹೋಗುವುದಿಲ್ಲ. ಇಂಥ ದೇಶದ ಇಂಥ ಊರಿನಲ್ಲಿ ಒಂದು ಕೃಷಿ ಶಾಲೆ, ಒಂದು ಬಾವಿ ಎಂದರೆ ಹೋಗುತ್ತದೆ. ಅದಕ್ಕೇ ಒಂದೊಂದು ಊರಿಗೂ ಒಂದೊಂದು ಯೋಜನೆಯನ್ನು ಗಂಟುಹಾಕಿಕೊಡುತ್ತಿದ್ದರು. ಇಂದು ದಾನ ಕೇಳುವ ಎಷ್ಟೋ ಸಂಸ್ಥೆಗಳು ಈ ಉಪಾಯವನ್ನೇ ಮಾಡುತ್ತವೆ. 1963ರ ಮಾರ್ಚ್ 21ರ ಸುಮಾರಿಗೆ ನೂರಕ್ಕೂ ಹೆಚ್ಚು ದೇಶ, ಪ್ರದೇಶಗಳು ಇದರ ಹೆಸರಿನಲ್ಲಿ ಚೀಟಿ ಹೊರಡಿಸಿದವು. ಭಾರತವೂ ಹೊರಡಿಸಿತು. ನಿಮ್ಮ ತಾತ ಕೂಡಿಟ್ಟದ್ದು ಆ ಸಾಲಿನವು.

ದುಡ್ಡು ಎಲ್ಲಿಗೆ ಹೋಯಿತು? ಒಂದು ಪಾಲು ನಮ್ಮ ಮೈಸೂರಿಗೇ ಬಂತು. ಚೆಲುವಾಂಬ ಅರಮನೆಯಲ್ಲಿ 1950ರಿಂದ ನಡೆಯುತ್ತಿರುವ ಸಿಎಫ್‌ಟಿಆರ್‌ಐ ನಿಮಗೆ ಗೊತ್ತಿರಬೇಕು. ಅಲ್ಲಿ ಅರವತ್ತರ ದಶಕದ ನಡುವೆ ಅಂತರರಾಷ್ಟ್ರೀಯ ಆಹಾರ ತಂತ್ರಜ್ಞಾನ ತರಬೇತಿ ಕೇಂದ್ರ ಶುರುವಾದಾಗ ನೆರವಾದದ್ದು ಈ ಆಂದೋಲನದ ಕೆನಡಾ ಸಮಿತಿ. ಕೆನಡಾದ ಜನ ಹಾಕಿದ ಚಿಲ್ಲರೆ, ಮೈಸೂರಿಗೆ ಕಲಿಯಲು ಬಂದ ಏಷ್ಯಾ, ಆಫ್ರಿಕಾದ ತರುಣರ ಪಾಠವಾಯಿತು. ಹಸಿದವನಿಗೆ ಪದವಿ ಕೊಟ್ಟರೆ ಹೊಟ್ಟೆ ತುಂಬುತ್ತದೆಯೇ ಎಂದು ನೀವು ಕೇಳಬಹುದು. ಆದರೆ ಹಗೇವಿನಲ್ಲಿಟ್ಟ ಜೋಳಕ್ಕೆ ಹುಳ ಹಿಡಿದದ್ದನ್ನು ಕಂಡ ಯಾವ ರೈತನೂ ಹಾಗೆ ಕೇಳಲಾರ. ಬೆಳೆದದ್ದು ಉಳಿಯದಿದ್ದರೆ ಇನ್ನಷ್ಟು ಬೆಳೆದು ಹುಳಕ್ಕೇ ಹಾಕಿದಂತೆ. ಎಣ್ಣೆ ತೆಗೆದ ಕಡಲೆಕಾಯಿ ಹಿಂಡಿಯ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಮಕ್ಕಳಿಗೆ ಪೌಷ್ಟಿಕ ಆಹಾರ ಮಾಡಿದ್ದೂ ಇದೇ ಸಿಎಫ್‌ಟಿಆರ್‌ಐ. ದನಕ್ಕೆ ಹಾಕುವ ಹಿಂಡಿಯಲ್ಲಿ ಪ್ರೋಟೀನ್ ಕಂಡವರು ಅವರು.

ಎಲ್ಲವೂ ಇಷ್ಟು ಚೆಂದವಾಗಿರಲಿಲ್ಲ. ಇದೇ ಆಂದೋಲನದಡಿ 1961ರಲ್ಲಿ ರಸಗೊಬ್ಬರ ಕಾರ್ಯಕ್ರಮ ಶುರುವಾಯಿತು. ರೈತರ ಹೊಲದಲ್ಲೇ ಗೊಬ್ಬರ ಹಾಕಿದ ಪಟ್ಟಿ, ಹಾಕದ ಪಟ್ಟಿ ಎರಡನ್ನೂ ಪಕ್ಕಪಕ್ಕ ಬೆಳೆಸಿ ತೋರಿಸುವುದು. ಇಳುವರಿ ಹೆಚ್ಚಿತು, ಅದರಲ್ಲಿ ಸುಳ್ಳಿಲ್ಲ. ಆದರೆ ಆರಂಭದಲ್ಲಿ ಇದಕ್ಕೆ ದುಡ್ಡು ಹಾಕಿದವರು ರಸಗೊಬ್ಬರ ಉದ್ಯಮದವರೇ. ಪುಣ್ಯವೂ ಬಂತು, ಗಿರಾಕಿಯೂ ಬಂದ. ಇದನ್ನು ನಾನು ದಾನದ ಲೆಕ್ಕಕ್ಕೆ ಬರೆಯುವುದಿಲ್ಲ.

ಇನ್ನೂ ದೊಡ್ಡ ಆಕ್ಷೇಪ ತಂದವರು ಇನ್ನೊಬ್ಬ ಸೇನ್. ಬಂಗಾಳದ ಬರದ ವರ್ಷ ಒಂಬತ್ತರ ಹುಡುಗನಾಗಿದ್ದ ಅಮರ್ತ್ಯ ಸೇನ್, 1981ರ ತಮ್ಮ ಪುಸ್ತಕದಲ್ಲಿ ಆ ಬರದ ಲೆಕ್ಕವನ್ನು ಮತ್ತೆ ತೆಗೆದರು. ಅಕ್ಕಿ ಅಷ್ಟೇನೂ ಕಡಿಮೆಯಾಗಿರಲಿಲ್ಲ, ಯುದ್ಧಕಾಲದ ಬೆಲೆಯೇರಿಕೆಯಲ್ಲಿ ಕೂಲಿಯವನ, ಮೀನುಗಾರನ ಕೈಗೆ ಅದು ಎಟುಕದೆ ಹೋಯಿತು ಎಂಬುದು ಅವರ ವಾದ. ಒಂದೇ ಬರ, ಇಬ್ಬರು ಸೇನರು. ಹೆಚ್ಚು ಬೆಳೆಯಬೇಕು ಎಂದು ಒಬ್ಬರು ಹೊರಟರು. ಬೆಳೆದದ್ದನ್ನು ಕೊಳ್ಳುವ ಶಕ್ತಿ ಎಲ್ಲಿ ಎಂದು ಇನ್ನೊಬ್ಬರು ಕೇಳಿದರು. ನನ್ನ ಮನಸ್ಸು ಎರಡನೆಯವರ ಕಡೆಗೇ ವಾಲುತ್ತದೆ. ಆದರೆ ಒಂದು ಹಳೆಯ ಕತೆ ನೆನಪಾದಾಗ ಮೊದಲನೆಯವರನ್ನು ಬಿಟ್ಟುಕೊಡಲೂ ಆಗುವುದಿಲ್ಲ.

ಅದು 1876-78ರ ಧಾತು-ಈಶ್ವರ ಬರ. 1871ರಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಆಸುಪಾಸಿಗೆ ಇಳಿದಿತ್ತು. 1877ರ ಆಗಸ್ಟಿನಲ್ಲಿ ಮದರಾಸಿನವರು ಲಂಡನ್ನಿನ ಲಾರ್ಡ್ ಮೇಯರಿಗೆ ನೆರವು ಕೇಳಿ ತಂತಿ ಕಳಿಸಿದರು. ವೈಸರಾಯ್ ಲಿಟನ್‌ಗೆ ಮೊದಲು ಇದು ಹಿಡಿಸಲಿಲ್ಲ. ಆದರೂ ಲಾರ್ಡ್ ಮೇಯರ್ ತೆರೆದ ಮ್ಯಾನ್ಷನ್ ಹೌಸ್ ನಿಧಿಗೆ ಲಕ್ಷಾಂತರ ಪೌಂಡ್ ಕೂಡಿತು. ಅಷ್ಟರಲ್ಲಿ ಮಳೆ ಬಂತು. ಈಗ ಗಮನಿಸಿ: ಮಳೆ ಬಂದಿದೆ, ನೆಲ ಹದವಾಗಿದೆ, ಉಳಲು ಎತ್ತಿಲ್ಲ. ಸತ್ತಿವೆ, ಇಲ್ಲವೇ ಮಾರಿಹೋಗಿವೆ. ಬಿತ್ತನೆ ಬೀಜವನ್ನು ಎಂದೋ ಬೇಯಿಸಿ ತಿಂದಾಗಿದೆ. ಸೂರಿನ ಹುಲ್ಲನ್ನೂ ದನಕ್ಕೆ ಹಾಕಿಯಾಗಿದೆ. ಗಂಜಿ ಕೇಂದ್ರದಿಂದ ಬದುಕಿ ಬಂದ ಒಕ್ಕಲಿನ ಮುಂದೆ ಬರಿಯ ಹಸಿ ಹೊಲ. ನಿಧಿಯ ದೊಡ್ಡ ಪಾಲು ಬೀಜಕ್ಕೆ, ಎತ್ತಿಗೆ, ನೇಗಿಲಿಗೆ, ಸೂರಿಗೆ ಎಂದು ರೈತರ ಕೈಗೆ ಹೋಯಿತು. ಮಳೆಯ ಜೊತೆಗೇ ಬಂದದ್ದರಿಂದ ಅದಕ್ಕೆ ಅರ್ಥವಿತ್ತು. ಮಳೆಗೆ ಮುಂಚೆ ಅದೇ ಬೀಜ ಕೊಟ್ಟಿದ್ದರೆ ಒಲೆಗೆ ಏರುತ್ತಿತ್ತು. ಸತ್ತವರ ಪಾಲಿಗೆ ಆ ನಿಧಿ ತಡವಾಗಿ ಬಂತು ಎಂಬುದನ್ನೂ ಮರೆಯುವಂತಿಲ್ಲ.

ಇಬ್ಬರು ಸೇನರನ್ನೂ ಒಂದೇ ಹೊಲದಲ್ಲಿ ನಿಲ್ಲಿಸಿದ ಉದಾಹರಣೆ ಬೇಕೆಂದರೆ ಮತ್ತೆ ಕೆನಡಾಕ್ಕೇ ಹೋಗಬೇಕು. ವಿನ್ನಿಪೆಗ್‌ನಲ್ಲಿ 1983ರಿಂದ ಕೆನಡಿಯನ್ ಫುಡ್‌ಗ್ರೇನ್ಸ್ ಬ್ಯಾಂಕ್ ಎಂಬ ಚರ್ಚುಗಳ ಒಕ್ಕೂಟವಿದೆ. ಇದಕ್ಕೆ ಬೀಜ ಹಾಕಿದವರು ಮೆನೊನೈಟ್ ಪಂಥದವರು. 1920ರ ದಶಕದ ಆರಂಭದ ಉಕ್ರೇನ್, ರಷ್ಯಾಗಳ ಕ್ಷಾಮ ಅವರಲ್ಲಿ ಎಷ್ಟೋ ಕುಟುಂಬಗಳ ಮನೆಯ ನೆನಪು. ಇಲ್ಲಿ ಅಕ್ಕಪಕ್ಕದ ರೈತರು ಸೇರಿ ಒಂದು ಹೊಲವನ್ನು ಹಸಿದವರ ಹೆಸರಿಗೆ ಬಿಡುತ್ತಾರೆ. ಒಬ್ಬರು ಬೀಜ, ಒಬ್ಬರು ಗೊಬ್ಬರ, ಒಬ್ಬರು ಡೀಸೆಲ್. ಕೊಯ್ಲಿನ ದಿನ ಎಲ್ಲರ ಯಂತ್ರಗಳೂ ಒಟ್ಟಿಗೆ ಇಳಿಯುತ್ತವೆ, ನಮ್ಮಲ್ಲಿ ಮುಯ್ಯಾಳು ಕೂಡಿದ ಹಾಗೆ. ಬೆಳೆ ಮಾರಿ ಬಂದ ಹಣ ಬ್ಯಾಂಕಿಗೆ, ಅದರ ಮೇಲೆ ಸರ್ಕಾರದ ಹಣ. ಮೊದಮೊದಲು ಕೆನಡಾದ ಧಾನ್ಯವೇ ಹಡಗು ಹತ್ತುತ್ತಿತ್ತು. ಅದು ತಿಂಗಳುಗಟ್ಟಲೆ ತಡವಾಗುತ್ತಿತ್ತು, ತಲುಪಿದ ಮೇಲೆ ಅಲ್ಲಿನ ರೈತನ ಬೆಲೆ ಬೀಳಿಸುವ ಭಯ ಬೇರೆ. 2008ರಲ್ಲಿ ಕೆನಡಾ ಸರ್ಕಾರ ತನ್ನ ಆಹಾರ ನೆರವನ್ನು ಕೆನಡಾದ ಧಾನ್ಯವನ್ನೇ ಕೊಳ್ಳಬೇಕೆಂಬ ಕಟ್ಟಿನಿಂದ ಪೂರ್ತಿ ಬಿಡಿಸಿತು. ಈಗ ಹಸಿವಿರುವ ಕಡೆಯ ಹತ್ತಿರದ ಸಂತೆಯಲ್ಲೇ ಕೊಳ್ಳಬಹುದು. ಹಾಗಾಗಿ ನಿಮ್ಮ ಮನೆಗೆ ಯಾರಾದರೂ ರಸೀದಿ ಪುಸ್ತಕ ಹಿಡಿದು ಬಂದರೆ ಅಕ್ಕಿ ಎಷ್ಟು ಎಂದು ಕೇಳಬೇಡಿ, ಎಲ್ಲಿ ಕೊಳ್ಳುತ್ತೀರಿ ಎಂದು ಕೇಳಿ.

ಇನ್ನು ಬೆಲೆ. ಆ ಚೀಟಿಗಳನ್ನು ಅಚ್ಚುಹಾಕಿದ್ದು ಲಕ್ಷಗಟ್ಟಲೆ, ಕೂಡಿಟ್ಟವರೂ ಅಷ್ಟೇ ಜನ. ಬ್ರಿಟನ್ನಿನ ಎರಡೂವರೆ ಪೆನ್ನಿಯ ಚೀಟಿಯನ್ನೇ ತೆಗೆದುಕೊಳ್ಳಿ. ಮುದ್ರೆ ಬೀಳದೆ, ಅಂಟು ಮಾಸದೆ ಇದ್ದರೂ ಅದಕ್ಕೆ ಒಂದು ಮಸಾಲೆ ದೋಸೆಯ ದುಡ್ಡು ಹುಟ್ಟುವುದು ಕಷ್ಟ.