ಗಣಿಯ ಡಂಪರುಗಳೂ ಅಪಘಾತ ನಿವಾರಣೆಯೂ

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ. ಆದರೂ ಕಲ್ಲಿದ್ದಲಿಗೂ ನಮಗೂ ಇರುವ ಸಂಬಂಧ ಅಲ್ಪವಾದುದಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ತೆಲಂಗಾಣದ ಸಿಂಗರೇಣಿ ಗಣಿಗಳಿಂದ ಕಲ್ಲಿದ್ದಲು ಬರುತ್ತದೆ. ಗಣಿಗಳಲ್ಲಿ ಹೊರೆ ಸಾಗಿಸುವ ಡಂಪರ್ ಎಂಬ ದೈತ್ಯವಾಹನಗಳು ಮೈಸೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯಲ್ಲಿಯೂ ತಯಾರಾಗುತ್ತವೆ. ನಮ್ಮ ಮನೆಯ ದೀಪ ಬೆಳಗುವುದಕ್ಕೆ ಮುಂಚೆ, ಎಲ್ಲಿಯೋ ಒಬ್ಬ ಚಾಲಕನು ಅಂತಹ ವಾಹನವನ್ನು ಗಣಿಯ ತಳದಿಂದ ಮೇಲಕ್ಕೆ ತಂದಿರುತ್ತಾನೆ. ಅವನೂ ಅವನ ಸುತ್ತ ದುಡಿಯುವವರೂ ಕ್ಷೇಮವಾಗಿ ಮನೆ ಸೇರಲು ವಿಜ್ಞಾನವು ಹೇಗೆ ನೆರವಾಗುತ್ತದೆಂಬುದನ್ನು ಪರಿಶೀಲಿಸೋಣ.

ಕಲ್ಲಿದ್ದಲಿನ ಪದರವು ನೆಲಮಟ್ಟಕ್ಕೆ ಸಮೀಪವಾಗಿದ್ದಲ್ಲಿ ಸುರಂಗ ಕೊರೆಯುವುದಿಲ್ಲ. ಮೇಲಿನ ಮಣ್ಣುಬಂಡೆಗಳನ್ನೇ ತೆಗೆದುಹಾಕುತ್ತಾರೆ. ಇದೇ ತೆರೆದ ಗಣಿ. ಇದರ ಪಕ್ಕಗಳು ದೊಡ್ಡ ಮೆಟ್ಟಿಲುಗಳಂತಿದ್ದು, ಅವುಗಳ ನಡುವೆ ಇಳಿಜಾರಾದ ರಸ್ತೆಗಳು ಹಾದುಹೋಗುತ್ತವೆ. ಈ ರಸ್ತೆಗಳಲ್ಲಿ ಓಡಾಡುವ, 100 ಟನ್ ಹೊರೆ ಹೊರುವ ಒಂದು ಡಂಪರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊರೆಯೂ ಸೇರಿ ಅದರ ತೂಕ ಸುಮಾರು 170 ಟನ್. ಅದರ ಗಾಲಿಯ ಎತ್ತರ ಎರಡೂವರೆ ಮೀಟರಿಗೂ ಹೆಚ್ಚು.

ಇದು ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಚಲಿಸುವಾಗ ಅದರ ಚಲನಶಕ್ತಿ 85 ಲಕ್ಷ ಜೌಲ್. ಈಗ ಅದು 16 ಮೀಟರಿಗೆ 1 ಮೀಟರಿನಂತೆ ಇಳಿಯುವ 800 ಮೀಟರ್ ಉದ್ದದ ರಸ್ತೆಯಲ್ಲಿ ಕೆಳಗಿಳಿಯುತ್ತಿದೆಯೆಂದು ಭಾವಿಸೋಣ. ಒಟ್ಟು ಇಳಿತ 50 ಮೀಟರ್. ಈ ಇಳಿತದಲ್ಲಿ ಬಿಡುಗಡೆಯಾಗುವ ಶಕ್ತಿ ಸುಮಾರು 833 ಲಕ್ಷ ಜೌಲ್, ಚಲನಶಕ್ತಿಯ ಹತ್ತರಷ್ಟು! ವೇಗ ಏರದಿರಬೇಕಾದರೆ ಇದಿಷ್ಟೂ ಶಾಖವಾಗಿ ಮಾರ್ಪಡಬೇಕು. ಇಷ್ಟು ಶಾಖದಿಂದ 265 ಲೀಟರ್ ನೀರನ್ನು 25 ಡಿಗ್ರಿ ಸೆಂಟಿಗ್ರೇಡಿನಿಂದ ಕುದಿಯುವ ಮಟ್ಟಕ್ಕೆ ತರಬಹುದು. ಸಾಮಾನ್ಯವಾಗಿ ತುಂಬಿದ ಡಂಪರು ಮೇಲೇರುವುದೂ ಬರಿದಾದುದು ಕೆಳಗಿಳಿಯುವುದೂ ವಾಡಿಕೆ. ಆದರೆ ಹಳೆಯ ಗುಂಡಿಯನ್ನು ಮುಚ್ಚಲು ಮಣ್ಣು ಒಯ್ಯುವಾಗ ತುಂಬಿದ ವಾಹನವೂ ಇಳಿಯಬೇಕಾಗುತ್ತದೆ.

ಈ ಶಾಖವನ್ನೆಲ್ಲ ಸಾಮಾನ್ಯ ಬ್ರೇಕುಗಳ ಮೇಲೆಯೇ ಹೊರಿಸಿದರೆ ಅವು ಕಾದು ತಮ್ಮ ಹಿಡಿತವನ್ನು ಕಳೆದುಕೊಳ್ಳುತ್ತವೆ. ಆದಕಾರಣ ಇಳಿಜಾರಿನಲ್ಲಿ ವೇಗವನ್ನು ಸತತವಾಗಿ ಅಂಕೆಯಲ್ಲಿಡಲು ರಿಟಾರ್ಡರ್ ಎಂಬ ಪ್ರತ್ಯೇಕ ವ್ಯವಸ್ಥೆಯುಂಟು. ಚಾಲಕನು ಇಳಿಯತೊಡಗುವ ಮುನ್ನವೇ ತಕ್ಕ ಕೆಳಗೇರನ್ನು ಆರಿಸಿ ರಿಟಾರ್ಡರನ್ನು ಬಳಸಬೇಕು. ವೇಗ ಮಿತಿಮೀರಿದ ಮೇಲೆ ಮಾಡುವ ಪ್ರಯತ್ನ ಬಹುವೇಳೆ ನಿಷ್ಫಲ. ರಸ್ತೆಯ ಇಳಿಜಾರಿಗೆ 16ಕ್ಕೆ 1ರ ಸಾಮಾನ್ಯ ಮಿತಿಯನ್ನು ನಿಯಮಗಳು ವಿಧಿಸಿರುವುದರ ಮರ್ಮವೂ ಇದೇ. ಹತೋಟಿ ತಪ್ಪಿದ ವಾಹನವು ನುಗ್ಗಿ ನಿಲ್ಲಲು ಪಕ್ಕದಲ್ಲಿ ಏರುದಾರಿಯೊಂದನ್ನು ನಿರ್ಮಿಸುವುದೂ ಉಂಟು.

ಇನ್ನು ನಿಲ್ಲುವ ದೂರವನ್ನು ಲೆಕ್ಕ ಹಾಕೋಣ. ಅಪಾಯವನ್ನು ಕಂಡು ಬ್ರೇಕು ಹಿಡಿಯಲು 2 ಸೆಕೆಂಡು ಬೇಕೆಂದು ಇಟ್ಟುಕೊಂಡರೆ, ಮೇಲೆ ಹೇಳಿದ ವೇಗದಲ್ಲಿ ವಾಹನವು ಅಷ್ಟರಲ್ಲಿ 20 ಮೀಟರ್ ಸಾಗಿರುತ್ತದೆ. ಒಣಗಿದ ಸಮತಟ್ಟಾದ ರಸ್ತೆಯಲ್ಲಿ ಬ್ರೇಕು ವೇಗವನ್ನು ಪ್ರತಿ ಸೆಕೆಂಡಿಗೆ 2 ಮೀಟರಿನಂತೆ ಕುಗ್ಗಿಸಿದರೆ ಮತ್ತೆ 25 ಮೀಟರ್. ಒಟ್ಟು 45 ಮೀಟರ್. ರಸ್ತೆ ಒದ್ದೆಯಾಗಿ ಬ್ರೇಕಿನ ಫಲ 1.2ಕ್ಕೆ ಇಳಿಯಿತೆನ್ನೋಣ. ಅದರಲ್ಲಿ ಇಳಿಜಾರಿನ ಸೆಳೆತ 0.61ನ್ನು ಕಳೆದರೆ ಉಳಿಯುವುದು 0.59 ಮಾತ್ರ. ಆಗ ಒಟ್ಟು ದೂರ 105 ಮೀಟರ್! ಅದೇ ರಸ್ತೆಯಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಿದರೆ 31 ಮೀಟರಿನಲ್ಲಿಯೇ ವಾಹನ ನಿಲ್ಲುತ್ತದೆ. ವೇಗದ ವರ್ಗಕ್ಕೆ ಅನುಗುಣವಾಗಿ ಬ್ರೇಕಿನ ದೂರ ಬೆಳೆಯುವುದೇ ಇದಕ್ಕೆ ಕಾರಣ. ಧೂಳನ್ನಡಗಿಸಲು ರಸ್ತೆಗೆ ನೀರು ಚಿಮುಕಿಸುವುದು ಅವಶ್ಯಕ. ಧೂಳಿದ್ದರೆ ಎದುರಿನದು ಕಾಣದು. ಆದರೆ ಇಳಿಜಾರಿನಲ್ಲಿ ನೀರು ಅತಿಯಾದರೆ ಆ ಪರಿಹಾರವೇ ಅಪಾಯಕ್ಕೆ ಕಾರಣವಾದೀತು.

ಕಂಡರೆ ತಾನೇ ನಿಲ್ಲಿಸುವ ಮಾತು? ಚಾಲಕನು ಎತ್ತರದಲ್ಲಿ, ವಾಹನದ ಒಂದು ಪಕ್ಕಕ್ಕೆ ಕುಳಿತಿರುತ್ತಾನೆ. ಮೂತಿಯ ಕೆಳಗೆ, ಹಿಂಬದಿಯಲ್ಲಿ, ಆಚೆಯ ಪಕ್ಕದಲ್ಲಿ ಅವನ ದೃಷ್ಟಿಗೆ ನಿಲುಕದ ವಿಶಾಲ ಪ್ರದೇಶಗಳಿವೆ. ಅಲ್ಲಿ ಮನುಷ್ಯನಿರಲಿ, ಒಂದು ಜೀಪೇ ಅಡಗಿಹೋಗಬಹುದು. ಆದುದರಿಂದ ಚಿಕ್ಕ ವಾಹನಗಳಿಗೆ ಎತ್ತರವಾದ ಕೋಲಿನ ತುದಿಯಲ್ಲಿ ಬಾವುಟವನ್ನೂ ಮಿನುಗುದೀಪವನ್ನೂ ಕಟ್ಟುತ್ತಾರೆ. ಡಂಪರಿಗೆ ಹಿಂಚಲನೆಯ ಎಚ್ಚರಿಕೆಗಂಟೆ, ಕ್ಯಾಮೆರಾ, ಸಾಮೀಪ್ಯಸೂಚಕ ಸಾಧನಗಳನ್ನು ಅಳವಡಿಸುತ್ತಾರೆ. ಇವೆಲ್ಲಕ್ಕಿಂತ ಶ್ರೇಷ್ಠವಾದ ಉಪಾಯವೆಂದರೆ ಡಂಪರುಗಳಿಗೂ ಜೀಪುಗಳಿಗೂ ಕಾಲ್ನಡಿಗೆಯವರಿಗೂ ಬೇರೆ ಬೇರೆ ದಾರಿಗಳನ್ನೇ ಮಾಡುವುದು. ಎರಡು ದಾರಿಗಳು ಕೂಡದಿದ್ದಲ್ಲಿ ಡಿಕ್ಕಿಯೂ ಆಗದು.

ಮೂರನೆಯ ಅಪಾಯ ಅಂಚಿನದು. ರಸ್ತೆಯ ಬದಿಯಲ್ಲಿಯೂ ಮಣ್ಣು ಸುರಿಯುವ ಜಾಗದಲ್ಲಿಯೂ ಭದ್ರವಾದ ತಡೆದಿಣ್ಣೆಯಿರಬೇಕು. ಅದರ ಎತ್ತರವನ್ನು ಅಲ್ಲಿ ಸಂಚರಿಸುವ ಅತಿ ದೊಡ್ಡ ಗಾಲಿಯನ್ನು ನೋಡಿ ನಿರ್ಧರಿಸಬೇಕು. ಹೊಸದಾಗಿ ಸುರಿದ ಸಡಿಲ ಮಣ್ಣಿನ ಅಂಚು 170 ಟನ್ ಭಾರದಡಿ ಕುಸಿಯಬಹುದು. ಆದಕಾರಣ ಅಂಚು ಸಂದೇಹಾಸ್ಪದವಾದಾಗ ಹೊರೆಯನ್ನು ಸ್ವಲ್ಪ ಈಚೆಗೇ ಸುರಿದು, ಬುಲ್ಡೋಜರಿನಿಂದ ತಳ್ಳಿಸುವುದು ಉಚಿತ. ತಡೆದಿಣ್ಣೆಯು ಅಂಚನ್ನು ಸೂಚಿಸುವ ಗುರುತೇ ಹೊರತು, ಹಿಂದಕ್ಕೆ ಬರುವ ಗಾಲಿಯನ್ನು ಒರಗಿಸಿ ನಿಲ್ಲಿಸುವ ಆಸರೆಯಲ್ಲ.

ಕೊನೆಯದಾಗಿ ಚಾಲಕನ ವಿಚಾರ. ಅಪಘಾತವಾದೊಡನೆ 'ಚಾಲಕನ ಅಜಾಗರೂಕತೆ' ಎಂದು ಬರೆದು ಕಡತವನ್ನು ಮುಚ್ಚುವುದು ಸುಲಭ. ಆದರೆ ಬೆಳಗಿನ ಜಾವ ಮೂರು ಗಂಟೆಗೆ ಮನುಷ್ಯನ ದೇಹವು ನಿದ್ರೆಯನ್ನು ಬೇಡುವುದು ಪ್ರಕೃತಿನಿಯಮ, ಅದು ಅಪರಾಧವಲ್ಲ. ಆಗ ಅವನ 2 ಸೆಕೆಂಡು 4 ಸೆಕೆಂಡಾಗಬಹುದು, 20 ಮೀಟರು 40 ಮೀಟರಾಗಬಹುದು. ಪಾಳಿಯ ಅವಧಿ, ವಿಶ್ರಾಂತಿ, ತರಬೇತಿ, ಪಾಳಿಯ ಆರಂಭದಲ್ಲಿ ಬ್ರೇಕಿನ ಪರೀಕ್ಷೆ ಇವುಗಳನ್ನು ನಿರ್ಧರಿಸುವವರು ಆಡಳಿತದವರು. ಕುಳಿತವನು ಸೀಟುಬೆಲ್ಟನ್ನು ಕಟ್ಟಿಕೊಳ್ಳಬೇಕಾದುದು ಅವನ ಕರ್ತವ್ಯ. ದಣಿದವನು 'ನನ್ನಿಂದಾಗದು' ಎಂದಾಗ ಅವನ ಮಾತನ್ನು ಮನ್ನಿಸಬೇಕಾದುದು ಮೇಲಿನವರ ಕರ್ತವ್ಯ.

ನಾವು ಮಾಡಿದ ಲೆಕ್ಕಗಳಲ್ಲಿ ಪ್ರೌಢಶಾಲೆಯ ಭೌತಶಾಸ್ತ್ರವನ್ನು ಮೀರಿದುದು ಯಾವುದೂ ಇಲ್ಲ. ಅಪಘಾತವು ವಿಧಿಲಿಖಿತವೆಂಬ ಮಾತು ಈ ಅಂಕಿಗಳೆದುರು ನಿಲ್ಲದು. ಇಳಿಜಾರು, ವೇಗ, ದೃಷ್ಟಿ, ಅಂಚು, ದಣಿವು ಇವೈದನ್ನೂ ರಸ್ತೆ ನಿರ್ಮಿಸುವ ಮೊದಲೇ ಕಾಗದದ ಮೇಲೆ ಅಳೆಯಬಹುದು. ವಿದ್ಯಾರ್ಥಿಗಳಲ್ಲಿ ಕೆಲವರು ಮುಂದೆ ಎಂಜಿನಿಯರುಗಳಾಗಿ ಇಂತಹ ರಸ್ತೆಗಳ ನಕ್ಷೆಗೆ ಸಹಿ ಹಾಕುವರು. ಆ ಸಹಿ ಹಾಕುವಾಗ, ಮಳೆಯ ರಾತ್ರಿಯಲ್ಲಿ ಆ ದಾರಿಯನ್ನು ಇಳಿಯಬೇಕಾದವನಿಗೆ 105 ಮೀಟರ್ ದೂರ ನಿಚ್ಚಳವಾಗಿ ಕಾಣುವುದೇ ಎಂದು ಒಮ್ಮೆ ಕೇಳಿಕೊಳ್ಳಲಿ.