ಮಾಂಸ ಬಿಟ್ಟರೆ ಮೈತೂಕ ಇಳಿಯುವುದೇ?

ತೂಕ ಹೆಚ್ಚಾಗಿದೆ, ಇಳಿಸಬೇಕು ಎಂದು ವೈದ್ಯರು ಹೇಳಿದ ಕೂಡಲೇ ಅನೇಕ ಮನೆಗಳಲ್ಲಿ ಮೊದಲು ನಿಲ್ಲುವುದು ಬಾಡೂಟ. ಕುರಿ, ಕೋಳಿ, ಮೀನುಗಳ ಜೊತೆಗೆ ಮೊಟ್ಟೆಯೂ ಅಡಿಗೆಮನೆಯಿಂದ ಹೊರಬೀಳುತ್ತದೆ. ಎರಡು ಮೂರು ತಿಂಗಳ ನಂತರ ತೂಕ ನೋಡಿದರೆ ಮುಳ್ಳು ಇದ್ದಲ್ಲೇ ಇರುತ್ತದೆ. ಕೆಲವರಿಗೆ ಒಂದು ಕಿಲೋ ಏರಿರುವುದೂ ಉಂಟು. ಬಾಯಿ ಕಟ್ಟಿದ್ದು ವ್ಯರ್ಥವಾಯಿತೆಂದು ಬೇಸತ್ತು ಪಥ್ಯವನ್ನೇ ಕೈಬಿಡುವವರು ಬಹಳ. ಆದ್ದರಿಂದ ಮಾಂಸಕ್ಕೂ ಮೈತೂಕಕ್ಕೂ ಇರುವ ಸಂಬಂಧವನ್ನು ಲೆಕ್ಕ ಹಾಕಿ ನೋಡುವುದು ಲೇಸು.

ಬೊಜ್ಜು ಪೇಟೆಯವರ ಕಾಯಿಲೆ ಎಂಬ ಮಾತು ಈಗ ನಿಲ್ಲುವುದಿಲ್ಲ. 2019-20ರಲ್ಲಿ ನಮ್ಮ ರಾಜ್ಯದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡಸರು, ಹೆಂಗಸರು ಇಬ್ಬರಲ್ಲೂ ಶೇಕಡ 30ರಷ್ಟು ಮಂದಿ ಅತಿತೂಕದವರೆಂದು ಕಂಡುಬಂದಿತು. ಅದೇ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆಯೂ ಇತ್ತು. ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಬ್ಬಳೇ ಗೃಹಿಣಿಯಲ್ಲಿ, ಬೊಜ್ಜು ಮತ್ತು ರಕ್ತಹೀನತೆ ಎರಡೂ ಇರಬಹುದು. ಮಾಂಸ ಬಿಡುವ ತೀರ್ಮಾನ ಈ ಎರಡನ್ನೂ ಮುಟ್ಟುವಂಥದು.

ಶಕ್ತಿಯ ಜಮಾ-ಖರ್ಚು

ತಿಂದ ಆಹಾರದ ಶಕ್ತಿ ದುಡಿಮೆಯ ಖರ್ಚಿಗಿಂತ ಹೆಚ್ಚಾದರೆ ಉಳಿದದ್ದು ಕೊಬ್ಬಾಗಿ ಶೇಖರವಾಗುತ್ತದೆ. ಅದು ಮಾಂಸದಿಂದ ಬಂದಿತೋ ಅನ್ನದಿಂದ ಬಂದಿತೋ ಎಂದು ದೇಹ ಕೇಳುವುದಿಲ್ಲ. ಒಂದು ಗ್ರಾಂ ಪಿಷ್ಟ ಅಥವಾ ಸಸಾರಜನಕದಿಂದ 4 ಕ್ಯಾಲೊರಿ ಶಕ್ತಿ ದೊರೆತರೆ, ಒಂದು ಗ್ರಾಂ ಕೊಬ್ಬು ಅಥವಾ ಎಣ್ಣೆಯಿಂದ 9 ಕ್ಯಾಲೊರಿ ದೊರೆಯುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಮಾಡಿದ ಶಿಫಾರಸಿನಂತೆ, 65 ಕಿಲೋ ತೂಕದ ಗಂಡಸು ಕಷ್ಟದ ದುಡಿಮೆ ಮಾಡಿದರೆ ದಿನಕ್ಕೆ 3470 ಕ್ಯಾಲೊರಿ ಬೇಕು. ಸಾಧಾರಣ ದುಡಿಮೆಗೆ 2710 ಸಾಕು. ಕುಳಿತು ಕೆಲಸ ಮಾಡುವವನಿಗೆ 2110 ಮಾತ್ರ. ಎತ್ತು ಹೂಡಿ ದಿನವಿಡೀ ನೇಗಿಲ ಹಿಂದೆ ನಡೆಯುತ್ತಿದ್ದವನ ಮಗ ಇಂದು ಟ್ರಾಕ್ಟರಿನ ಮೇಲೆ ಕುಳಿತು ಉಳುತ್ತಾನೆ, ತೋಟಕ್ಕೆ ಬೈಕಿನಲ್ಲಿ ಹೋಗುತ್ತಾನೆ, ನೀರು ಹಾಯಿಸಲು ಗುಂಡಿ ಒತ್ತುತ್ತಾನೆ. ಕಷ್ಟದ ದುಡಿಮೆ ಸಾಧಾರಣ ದುಡಿಮೆಗೆ ಇಳಿದಾಗಲೇ ದಿನಕ್ಕೆ 760 ಕ್ಯಾಲೊರಿ ಖರ್ಚು ತಗ್ಗಿತು. ತಟ್ಟೆಯ ಮುದ್ದೆ ಮಾತ್ರ ತಂದೆಯ ಕಾಲದ ಗಾತ್ರದಲ್ಲೇ ಉಳಿದಿದೆ. ಹಳ್ಳಿಯ ಬೊಜ್ಜಿಗೆ ಇದು ಮಾಂಸಕ್ಕಿಂತ ದೊಡ್ಡ ಕಾರಣವೆನ್ನಬೇಕು.

ಇದರಲ್ಲಿ ಮಾಂಸದ ಪಾಲೆಷ್ಟು?

ಕೊಬ್ಬು ಕಡಿಮೆಯಿರುವ 100 ಗ್ರಾಂ ಹಸಿ ಆಡಿನ ಮಾಂಸದಲ್ಲಿ ಸುಮಾರು 120 ಕ್ಯಾಲೊರಿ, ಕುರಿ ಮಾಂಸದಲ್ಲಿ ಸುಮಾರು 195 ಕ್ಯಾಲೊರಿ ಇವೆ. ಚರ್ಮ ತೆಗೆದ ಕೋಳಿಮಾಂಸವೂ ಆಡಿನ ಮಾಂಸದಷ್ಟೇ. ಒಂದು ಮೊಟ್ಟೆಯದು 70ರಿಂದ 80 ಕ್ಯಾಲೊರಿ.

ವಾರಕ್ಕೊಮ್ಮೆ 150 ಗ್ರಾಂ ಕುರಿ ಮಾಂಸ ತಿನ್ನುವವನು ಅದನ್ನು ಪೂರ್ತಿ ಬಿಟ್ಟನೆನ್ನೋಣ. ವಾರಕ್ಕೆ ಉಳಿಯುವುದು ಸುಮಾರು 290 ಕ್ಯಾಲೊರಿ. ದಿನಕ್ಕೆ ಹಂಚಿದರೆ 41. ಎರಡು ಚಮಚ ಸಕ್ಕರೆ, ಅಂದರೆ 10 ಗ್ರಾಂ, 40 ಕ್ಯಾಲೊರಿ ಕೊಡುತ್ತದೆ. ಒಂದು ಲೋಟ ಚಹಾದ ಸಕ್ಕರೆ ಬಿಡುವುದೂ ವಾರದ ಬಾಡು ಬಿಡುವುದೂ ತೂಕದ ಲೆಕ್ಕದಲ್ಲಿ ಒಂದೇ ಆಯಿತು. ದಿನಕ್ಕೆ ಇಂಥ ನಾಲ್ಕು ಲೋಟ ಕುಡಿಯುವವರು ತಮ್ಮ ಲೆಕ್ಕವನ್ನು ತಾವೇ ಹಾಕಿಕೊಳ್ಳಬಹುದು.

ಆದರೆ ಬಾಡೂಟವೆಂದರೆ ಬರಿಯ ಮಾಂಸವಲ್ಲ. 100 ಗ್ರಾಂ ಹಸಿ ತೆಂಗಿನಕಾಯಿಯಲ್ಲಿ ಸುಮಾರು 440 ಕ್ಯಾಲೊರಿ, ಒಣಕೊಬ್ಬರಿಯಲ್ಲಿ 660 ಕ್ಯಾಲೊರಿ ಇವೆ. ಮಸಾಲೆಗೆ ರುಬ್ಬಿದ ಕಾಯಿ, ಒಗ್ಗರಣೆಯ ಎಣ್ಣೆ, ಸಾರಿನ ಮೇಲೆ ತೇಲುವ ಜಿಡ್ಡು, ಜೊತೆಗೆ ಕರಿದ ಕಬಾಬು, ಸಾರು ರುಚಿಯಾಯಿತೆಂದು ಬಡಿಸಿಕೊಂಡ ಇನ್ನೊಂದು ಮುದ್ದೆ, ಇವೆಲ್ಲ ಸೇರಿದಾಗ ಮಾಂಸದ ತುಂಡುಗಳ ಪಾಲು ಚಿಕ್ಕದಾಗಿಬಿಡುತ್ತದೆ. ವಾರದಲ್ಲಿ ನಾಲ್ಕೈದು ದಿನ ಬಿರಿಯಾನಿ, ಕರಿದ ಕೋಳಿ ತಿನ್ನುವವರು, ಅದರ ಜೊತೆ ಮದ್ಯ ಸೇವಿಸುವವರು ಅವನ್ನು ನಿಲ್ಲಿಸಿದರೆ ತೂಕ ಖಂಡಿತ ಇಳಿದೀತು. ಅಂಥವರಲ್ಲಿ ಹೋದದ್ದು ಮಾಂಸದ ಜೊತೆಗೆ ಎಣ್ಣೆ, ಅನ್ನ ಮತ್ತು ಮದ್ಯ.

ಬಿಟ್ಟ ಜಾಗಕ್ಕೆ ಬಂದದ್ದೇನು?

ಮಾಂಸ ಹೊಟ್ಟೆ ತುಂಬಿದ ತೃಪ್ತಿಯನ್ನು ಬಹಳ ಹೊತ್ತು ಉಳಿಸುತ್ತದೆ. ಅದು ತಟ್ಟೆಯಿಂದ ಹೋದಾಗ ಆ ಜಾಗಕ್ಕೆ ಕಾಳು, ಸೊಪ್ಪು ಬಂದರೆ ಒಳ್ಳೆಯದು. ಬರುವುದು ಹೆಚ್ಚಾಗಿ ಇನ್ನೊಂದು ಸೌಟು ಅನ್ನ, ತುಪ್ಪ, ಹಪ್ಪಳ, ಸಂಜೆಗೆ ಬೋಂಡ. ಹಬ್ಬದ ಹೋಳಿಗೆಯನ್ನೇ ನೋಡಿ: 20 ಗ್ರಾಂ ಮೈದಾ, 20 ಗ್ರಾಂ ಬೇಳೆ, 25 ಗ್ರಾಂ ಬೆಲ್ಲ, ಒಂದು ಚಮಚ ತುಪ್ಪ ಸೇರಿದರೆ ಒಂದು ಹೋಳಿಗೆಗೆ 280 ಕ್ಯಾಲೊರಿಯಷ್ಟಾಗುತ್ತದೆ. ಮೇಲೆ ಹೇಳಿದ ವಾರದ ಮಾಂಸದ ಶಕ್ತಿ ಅಷ್ಟೂ ಒಂದೇ ಹೋಳಿಗೆಯಲ್ಲಿ ಮರಳಿ ಬಂದಿತು. ಹೋಳಿಗೆ ಒಂದಕ್ಕೆ ನಿಲ್ಲುವುದೂ ಅಪರೂಪ.

ಅನ್ನ ಬಿಟ್ಟು ಮುದ್ದೆ ತಿಂದರೆ ತೆಳ್ಳಗಾಗುತ್ತೇವೆಂಬುದೂ ಇಂಥದೇ ನಂಬಿಕೆ. ರಾಗಿಯಲ್ಲಿ ಸುಣ್ಣದ ಅಂಶ ಹೇರಳ, ನಾರೂ ಹೆಚ್ಚು. ಆದರೆ 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 330 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 345. ಗಾತ್ರ ಕಡಿಮೆ ಮಾಡದಿದ್ದರೆ ಮುದ್ದೆಯಿಂದಲೂ ತೂಕ ಇಳಿಯದು.

ಸಮೀಕ್ಷೆಗಳು ಹೇಳುವುದೇನು?

ಎತ್ತರಕ್ಕೆ ತಕ್ಕ ತೂಕವನ್ನು ಅಳೆಯಲು, ಕಿಲೋಗ್ರಾಂ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿ ಒಂದು ಸೂಚ್ಯಂಕವನ್ನು ಪಡೆಯುತ್ತಾರೆ. ಭಾರತೀಯರಿಗೆ 23 ದಾಟಿದರೆ ಅತಿತೂಕ, 25 ದಾಟಿದರೆ ಬೊಜ್ಜು ಎಂದು 2009ರಲ್ಲಿ ನಮ್ಮ ತಜ್ಞರು ಒಮ್ಮತದಿಂದ ಸೂಚಿಸಿದರು. ಇಂಗ್ಲೆಂಡಿನಲ್ಲಿ 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಮಾಂಸಾಹಾರಿ ಗಂಡಸರ ಸರಾಸರಿ ಸೂಚ್ಯಂಕ 24.4, ಹಾಲು ಮೊಟ್ಟೆಗಳನ್ನೂ ಮುಟ್ಟದ ಶುದ್ಧ ಸಸ್ಯಾಹಾರಿಗಳದು 22.5 ಇದ್ದಿತು. ಅಲ್ಲಿ ಮಾಂಸ ನಿತ್ಯದ ಆಹಾರ. ಅದನ್ನು ಬಿಟ್ಟವರು ನಾರಿನಂಶ ಹೆಚ್ಚಿರುವ ಆಹಾರಕ್ಕೆ ತಿರುಗಿದವರು.

ನಮ್ಮ ದೇಶದ ಚಿತ್ರ ಬೇರೆ. 2005-06ರ ಕುಟುಂಬ ಆರೋಗ್ಯ ಸಮೀಕ್ಷೆಯ ಒಂದೂವರೆ ಲಕ್ಷಕ್ಕೂ ಮೇಲ್ಪಟ್ಟ ವಯಸ್ಕರ ಅಂಕಿಅಂಶಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹಾಲು ಸೇವಿಸುವ ಸಸ್ಯಾಹಾರಿಗಳ ಸರಾಸರಿ ಸೂಚ್ಯಂಕ 21.2, ಮೀನು ತಿನ್ನುವವರದು 20.3. ಹಾಲು ದಪ್ಪ ಮಾಡುತ್ತದೆ, ಮೀನು ತೆಳ್ಳಗೆ ಮಾಡುತ್ತದೆ ಎಂದು ಇದರಿಂದ ತಿಳಿಯಬಾರದು. ಮನೆಯ ಅನುಕೂಲ, ದುಡಿಮೆ, ತುಪ್ಪ-ಸಿಹಿಗಳ ಬಳಕೆ ಎಲ್ಲವೂ ಇದರಲ್ಲಿ ಬೆರೆತಿವೆ. ಮಾಂಸ ತಿನ್ನದಿರುವುದೊಂದೇ ಬೊಜ್ಜಿಗೆ ತಡೆಯಲ್ಲ ಎಂಬುದಷ್ಟು ಸ್ಪಷ್ಟ.

ಬಿಡುವವರು ಗಮನಿಸಬೇಕಾದ ಅಂಶಗಳು

ಮನಸ್ಸಿಗೆ ಒಪ್ಪಿ, ಧರ್ಮಕ್ಕಾಗಿಯೋ ಖರ್ಚಿಗಾಗಿಯೋ ಮಾಂಸ ಬಿಡುವವರಿಗೆ ಅಡ್ಡಿಯಿಲ್ಲ. ಆದರೆ ಅದರೊಡನೆ ಹೋಗುವ ಪೋಷಕಾಂಶಗಳನ್ನು ಬೇರೆಡೆಯಿಂದ ತುಂಬಿಕೊಳ್ಳಬೇಕು. 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಸಸಾರಜನಕ ಬೇಕು. ಇದು ಸಾಲದೆ ಊಟ ಕಡಿಮೆ ಮಾಡಿದರೆ ಕೊಬ್ಬಿನೊಡನೆ ಮಾಂಸಖಂಡವೂ ಕರಗುತ್ತದೆ. ತಕ್ಕಡಿಯಲ್ಲಿ ತೂಕ ಇಳಿದಂತೆ ಕಂಡರೂ ಮೂಟೆ ಎತ್ತುವ ತೋಳಿನ ಬಲ ಹೋಗಿರುತ್ತದೆ.

ಹುರುಳಿ, ಅವರೆ, ಅಲಸಂದೆ, ಕಡಲೆ, ತೊಗರಿ ಈ ಕೊರತೆಯನ್ನು ತುಂಬಬಲ್ಲವು. 50 ಗ್ರಾಂ ಹುರುಳಿಯಲ್ಲಿ 11 ಗ್ರಾಂ ಸಸಾರಜನಕವಿದೆ; ಶಕ್ತಿ 160 ಕ್ಯಾಲೊರಿ ಮಾತ್ರ. ಹೊಲದಲ್ಲಿ ಬೆಳೆದ ಹುರುಳಿಯನ್ನು ಎತ್ತುಗಳಿಗೆ ಬೇಯಿಸಿಟ್ಟು ಮನೆಮಂದಿ ತಿಳಿಸಾರು ಉಣ್ಣುವ ಪದ್ಧತಿ ಇರುವ ಕಡೆ, ಬೆಂದ ಕಾಳಿನಲ್ಲಿ ಒಂದು ಪಾಲು ತಟ್ಟೆಗೂ ಬರಲಿ. ಮೊಳಕೆ ಬರಿಸಿದರೆ ಸಿ ಜೀವಸತ್ವ ಹೆಚ್ಚುತ್ತದೆ.

ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಹತ್ತುತ್ತದೆ. ಸೊಪ್ಪು ಕಾಳುಗಳದು ಅಷ್ಟಾಗಿ ಹತ್ತುವುದಿಲ್ಲ. ಊಟದಲ್ಲಿ ನಿಂಬೆರಸ, ನೆಲ್ಲಿಕಾಯಿ ಬಳಸಿದರೆ ಹೀರಿಕೆ ಉತ್ತಮಗೊಳ್ಳುತ್ತದೆ. ಉಂಡ ತಕ್ಷಣ ಚಹಾ ಕುಡಿದರೆ ಕುಗ್ಗುತ್ತದೆ. ಬಿ-12 ಜೀವಸತ್ವ ಸಸ್ಯಾಹಾರದಲ್ಲಿ ದೊರೆಯುವುದಿಲ್ಲ. ಮೊಟ್ಟೆಯನ್ನೂ ಬಿಟ್ಟವರಿಗೆ ಹಾಲು, ಮೊಸರು, ಮಜ್ಜಿಗೆಗಳೇ ಆಧಾರ. ಹಾಲನ್ನೆಲ್ಲ ಡೇರಿಗೆ ಹಾಕಿ ಮನೆಗೆ ಚಹಾದಷ್ಟು ಮಾತ್ರ ಉಳಿಸುವ ಮನೆಗಳಲ್ಲಿ ಈ ಕೊರತೆ ಬೇಗ ತಲೆದೋರಬಹುದು. ರಕ್ತಹೀನತೆ ಇರುವ ಹೆಂಗಸರು ತೂಕದ ನೆಪದಲ್ಲಿ ಮೊಟ್ಟೆ, ಮೀನು, ಮಾಂಸ ಬಿಡುವುದು ಸರಿಯಲ್ಲ. ಗರ್ಭಿಣಿಯರು, ಮೊಲೆಯೂಡಿಸುವ ತಾಯಂದಿರು ಮತ್ತು ಬೆಳೆಯುವ ಮಕ್ಕಳು ವೈದ್ಯರನ್ನು ಕೇಳದೆ ಯಾವ ಪಥ್ಯವನ್ನೂ ಹಿಡಿಯಬಾರದು.

ತೂಕ ಇಳಿಸಲು

ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7700 ಕ್ಯಾಲೊರಿ ಕೊರತೆಯಾಗಬೇಕು. ದಿನಕ್ಕೆ 500 ಕ್ಯಾಲೊರಿ ತಗ್ಗಿಸಿದರೆ ವಾರಕ್ಕೆ ಅರ್ಧ ಕಿಲೋದಷ್ಟು ಇಳಿಯಬಹುದು. ಅದಕ್ಕಿಂತ ಅವಸರ ಬೇಡ. ಎಣ್ಣೆಯಿಂದ ಆರಂಭಿಸುವುದು ಸುಲಭ. ನಾಲ್ವರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಖರ್ಚಾದರೆ ತಲೆಗೆ ದಿನಕ್ಕೆ 30 ಗ್ರಾಂ, ಅಂದರೆ 270 ಕ್ಯಾಲೊರಿ ಬಿದ್ದಿತು. ಮೂರು ಲೀಟರಿಗೆ ಇಳಿಸಿದರೆ ಯಾರಿಗೂ ರುಚಿ ಕೆಡದೆ 65 ಕ್ಯಾಲೊರಿಗೂ ಮೇಲೆ ಉಳಿಯುತ್ತದೆ. ನಾಲ್ಕು ಚಹಾ ಎರಡಾದರೆ ಸಕ್ಕರೆಯಲ್ಲೇ 80 ಉಳಿತಾಯ. ರಾತ್ರಿಯ ಮುದ್ದೆಯಲ್ಲಿ ಅರ್ಧ ತೆಗೆದು ಆ ಜಾಗಕ್ಕೆ ಬಸ್ಸಾರಿನ ಸೊಪ್ಪು, ಕಾಳು ಬಡಿಸಬೇಕು. ಮಾಂಸ ತಿನ್ನುವವರು ಕಾಯಿ, ಎಣ್ಣೆ ಕಡಿಮೆ ಹಾಕಿದ ಸಾರು ಮಾಡಿ, ಕೊಬ್ಬಿನ ಭಾಗ ಮತ್ತು ಕೋಳಿಯ ಚರ್ಮ ತೆಗೆದು, ಕರಿಯದೆ ಬೇಯಿಸಿ ತಿನ್ನಬಹುದು. ತೋಟ ಹತ್ತಿರವಿದ್ದರೆ ಬೈಕು ಮನೆಯಲ್ಲೇ ನಿಲ್ಲಲಿ.

ಶ್ರಾವಣದಲ್ಲಿ ಮಾಂಸ ಬಿಡುವ ಮನೆಗಳವರು ಇದನ್ನು ಸ್ವತಃ ಪರೀಕ್ಷಿಸಬಹುದು. ತಿಂಗಳ ಮೊದಲ ದಿನ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೂಕ ನೋಡಿ, ಹೊಕ್ಕಳ ಮಟ್ಟದಲ್ಲಿ ಸೊಂಟದ ಸುತ್ತಳತೆಯನ್ನೂ ಗುರುತು ಹಾಕಿಕೊಳ್ಳಬೇಕು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿರಬಾರದು. ಆ ತಿಂಗಳು ಮನೆಗೆ ತಂದ ಎಣ್ಣೆ, ಸಕ್ಕರೆ, ಬೆಲ್ಲದ ಲೆಕ್ಕವನ್ನೂ ಬರೆದಿಟ್ಟು, ಕೊನೆಯ ದಿನ ಅದೇ ತಕ್ಕಡಿಯಲ್ಲಿ ಮತ್ತೆ ತೂಗಿ ನೋಡಬೇಕು. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು ಊಟ ತಗ್ಗಿಸುವ ಮುಂಚೆ ವೈದ್ಯರಿಗೆ ತಿಳಿಸಬೇಕು. ಯಾವ ಪಥ್ಯವೂ ಇಲ್ಲದೆ ತೂಕ ತಾನಾಗಿ ಇಳಿಯುತ್ತಿದ್ದರೆ ಅದು ಸಂತೋಷದ ವಿಷಯವಲ್ಲ. ಸಕ್ಕರೆ ಕಾಯಿಲೆ ಅಥವಾ ಕ್ಷಯದ ಪರೀಕ್ಷೆ ಕೂಡಲೇ ಮಾಡಿಸಬೇಕು.