ಊರಿಗೊಂದು ಶಿಕ್ಷಣ ಟ್ರಸ್ಟ್: ಹಂತ ಹಂತವಾಗಿ

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಹಳ್ಳಿಗಳಲ್ಲಿ ಕಾಲೇಜು ಪ್ರವೇಶ ಶುರುವಾಗುವ ಹೊತ್ತಿಗೆ ಮನೆಯ ದುಡ್ಡೆಲ್ಲ ಬೀಜ, ಗೊಬ್ಬರಕ್ಕೆ ಹೋಗಿರುತ್ತದೆ. ಸರ್ಕಾರದ ವಿದ್ಯಾರ್ಥಿವೇತನ ಖಾತೆಗೆ ಬೀಳುವುದು ಎಷ್ಟೋ ತಿಂಗಳ ಮೇಲೆ. ಈ ನಡುವಿನ ದಿನಗಳಲ್ಲಿ ಕೈಹಿಡಿಯುವುದೇ ಊರಿನ ಟ್ರಸ್ಟಿನ ಮುಖ್ಯ ಕೆಲಸ.

ಹಂತ 1: ಐದಾರು ಜನರನ್ನು ಸೇರಿಸಿ. ಎಲ್ಲರೂ ಒಂದೇ ಮನೆತನ, ಒಂದೇ ಓಣಿಯವರಾಗದಿರಲಿ. ಹೆಣ್ಣುಮಕ್ಕಳು ಇರಲೇಬೇಕು.

ಹಂತ 2: ವಕೀಲರಿಂದ ಟ್ರಸ್ಟ್ ಪತ್ರ ಬರೆಸಿ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಉದ್ದೇಶವೇನು, ಟ್ರಸ್ಟಿಗಳು ಬದಲಾಗುವುದು ಹೇಗೆ, ಟ್ರಸ್ಟ್ ಮುಚ್ಚಿದರೆ ಉಳಿದ ಹಣ ಯಾವ ರೀತಿಯ ಸಂಸ್ಥೆಗೆ ಹೋಗಬೇಕು ಎಂಬುದು ಅದರಲ್ಲಿ ಸ್ಪಷ್ಟವಾಗಿರಲಿ. ಆಮೇಲೆ ಪ್ಯಾನ್ ಕಾರ್ಡ್, ಇಬ್ಬರ ಸಹಿಯ ಬ್ಯಾಂಕ್ ಖಾತೆ. ಆದಾಯ ತೆರಿಗೆ ಇಲಾಖೆಯಲ್ಲಿ 80ಜಿ ಎಂದೇ ಜನ ಕರೆಯುವ ಮಾನ್ಯತೆಯನ್ನೂ ಪಡೆಯಿರಿ. ದೇಣಿಗೆ ಕೊಡುವ, ಹಳೆಯ ತೆರಿಗೆ ಪದ್ಧತಿಯಲ್ಲಿರುವ ನೌಕರರಿಗೆ ಅದರಿಂದ ತೆರಿಗೆಯಲ್ಲಿ ರಿಯಾಯಿತಿ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟರೆ ಆ ರಿಯಾಯಿತಿ ಇಲ್ಲ.

ಹಂತ 3: ದೇಣಿಗೆ ಕೇಳುವುದು ಸುಗ್ಗಿಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ಊರಾದರೆ ಭತ್ತ, ಒಣಬೇಸಾಯದ ಕಡೆ ತೊಗರಿ, ಜೋಳ. ಚೀಲದ ಲೆಕ್ಕದಲ್ಲೇ ಕೇಳಿ, ರೈತರಿಗೆ ನಗದಿಗಿಂತ ಅದೇ ಸುಲಭ. ಹಟ್ಟಿ ಚಿನ್ನದ ಗಣಿಯಲ್ಲಿ, ಬೆಂಗಳೂರಿನಲ್ಲಿ ದುಡಿಯುವ ನಿಮ್ಮೂರಿನವರನ್ನು ಜಾತ್ರೆಗೆ ಬಂದಾಗ ಕಂಡು ಮಾತಾಡಿ. ಬಂದ ಹಣವನ್ನು ಜೂನ್‌ವರೆಗೆ ಮುಟ್ಟಬೇಡಿ.

ಹಂತ 4: ಆಯ್ಕೆ. ಇದೇ ಕಷ್ಟದ ಕೆಲಸ. ಬರೀ ಅಂಕ ನೋಡಿದರೆ, ಗುಳೆ ಹೋಗುವ ಅಪ್ಪ ಅವ್ವನ ಜೊತೆ ಅರ್ಧ ವರ್ಷ ಊರು ಬಿಟ್ಟಿದ್ದ ಹುಡುಗಿ ಪಟ್ಟಿಯಿಂದಲೇ ಬಿದ್ದುಹೋಗುತ್ತಾಳೆ. ಆದ್ದರಿಂದ ಮನೆಗೇ ಹೋಗಿ ನೋಡಿ. ಶುಲ್ಕವನ್ನು ನೇರ ಕಾಲೇಜಿಗೆ ಕಟ್ಟಿ. ಹಾಸ್ಟೆಲ್ ಮೆಸ್ ಬಿಲ್, ಬಸ್ ಪಾಸನ್ನೂ ಮರೆಯಬೇಡಿ. ವೇದಿಕೆಗೆ ಕರೆದು ಚೆಕ್ ಕೊಡುವ ಫೋಟೊ ಬೇಡ. ಬಡತನವನ್ನು ಊರ ಮುಂದೆ ತೋರಿಸಿಕೊಳ್ಳುವ ಹಂಗು ಮಕ್ಕಳಿಗೇಕೆ?

ಹಂತ 5: ಹಣದಷ್ಟೇ ಬೆಲೆಯದು ಕಾಗದಪತ್ರ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಕಲ್ಯಾಣ ಕರ್ನಾಟಕದ ಶಿಕ್ಷಣ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ 70, ರಾಜ್ಯದ ಉಳಿದೆಡೆ ಶೇ 8 ಮೀಸಲಾತಿ ಇದೆ. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರ ಕೊಡುವವರು ಉಪವಿಭಾಗಾಧಿಕಾರಿ. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ತಾಲ್ಲೂಕಿಗೆ ಅವರ ಕಚೇರಿ ಲಿಂಗಸುಗೂರಿನಲ್ಲಿದೆ. ಜಾತಿ, ಆದಾಯ ಪತ್ರಗಳೊಂದಿಗೆ ಈ ಪ್ರಮಾಣಪತ್ರವನ್ನೂ ಪಿಯುಸಿ ಪರೀಕ್ಷೆಗೆ ಮುಂಚೆಯೇ ಮಾಡಿಸಿಡಿ. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿಸುವ ಹೊಣೆಯೂ ಟ್ರಸ್ಟಿನದೇ ಆಗಲಿ.

ಹಂತ 6: ಆಡಿಟ್ ಆದ ಲೆಕ್ಕವನ್ನು ವರ್ಷಕ್ಕೊಮ್ಮೆ ಊರ ಸಭೆಯಲ್ಲಿ ಓದಿ ಹೇಳಿ.

ಬರುವ ಸುಗ್ಗಿಯೊಳಗೆ ಮೊದಲ ಎರಡು ಹಂತ ಮುಗಿಸಿ. ಮುಂದಿನ ಜೂನ್‌ಗೆ ನಿಮ್ಮೂರಿನ ಒಬ್ಬ ಹುಡುಗಿಯ ಶುಲ್ಕ ಕಟ್ಟಿದರೂ ಸಾಕು, ಟ್ರಸ್ಟ್ ಶುರುವಾದಂತೆಯೇ.